ಹೊರಕ್ಕೆ ತೆರೆಯುವ ಬಾಗಿಲು

ಪುಣೆಯ ಸ್ವಾರಗೇಟಿನಲ್ಲಿ ಮೂವತ್ತೊಂದು ವರ್ಷ ಸ್ಕೂಟರ್ ಬಿಡಿಭಾಗಗಳ ಅಂಗಡಿ ನಡೆಸಿದವನು ನಾನು, ಶಿವರಾಜ. ಗಿರಾಕಿಯ ಮುಖ ನೋಡಿ ರೇಟು ಹೇಳುವ ವಿದ್ಯೆಯನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಹೆಂಡತಿ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿ ಕ್ಲಚ್ ವೈರ್‌ಗಾಗಿ ಓಡಿ ಬಂದವನಿಗೆ ಒಂದು ರೇಟು, ಆರಾಮಾಗಿ ಚಹಾ ಕುಡಿದು ಬಂದವನಿಗೆ ಇನ್ನೊಂದು. ನಾನೇ ಹಾಗೆ ವಸೂಲು ಮಾಡಿದವನು, ಬೇರೆಯವರನ್ನು ಹೇಗೆ ನಂಬಲಿ? ಸದಾಶಿವ ಪೇಠದ ನಮ್ಮ ಮನೆಯ ಬಚ್ಚಲು ಒಡೆಸಿ ಹೊಸದು ಮಾಡಿಸುವ ಮಾತು ಬಂದಾಗ ಹೆಂಡತಿ ರೇಣುಗೆ ಮೊದಲೇ ತಾಕೀತು ಮಾಡಿದೆ. ಯಾಕೆ ಮಾಡಿಸುತ್ತಿದ್ದೇವೆ ಎಂದು ಯಾವ ಕಾಂಟ್ರ್ಯಾಕ್ಟರನ ಮುಂದೆಯೂ ಬಾಯಿ ಬಿಡಕೂಡದು.

ಮಾಡಿಸುತ್ತಿದ್ದುದು ನಮ್ಮವ್ವನಿಗಾಗಿ. ಅವ್ವ, ಸಾವಂತ್ರವ್ವ, ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಅದೇ ಬಚ್ಚಲಲ್ಲಿ ಜಾರಿ ಬಿದ್ದಳು. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಅವಳು ಬಿದ್ದದ್ದು ಅದಕ್ಕೆ ಒತ್ತಿಕೊಂಡು. ನಾನು ಹೊರಗಿನಿಂದ ನೂಕಿದಷ್ಟೂ ಒಳಗೆ ಅವ್ವ ಚೀರುತ್ತಿದ್ದಳು. ಕೊನೆಗೆ ಬಾಗಿಲನ್ನೇ ಒಡೆಯಬೇಕಾಯಿತು. ಸೊಂಟದ ಆಪರೇಶನ್ ಆಗಿ ಎರಡು ತಿಂಗಳಿನಿಂದ ಹಡಪಸರದಲ್ಲಿ ನನ್ನ ತಂಗಿ ಕಮಲಮ್ಮನ ಮನೆಯಲ್ಲಿದ್ದಳು. ಅಲ್ಲಿ ಸಂಬಳದ ಹೆಂಗಸೊಬ್ಬಳು ಬಂದು ಸ್ನಾನ ಮಾಡಿಸುತ್ತಿದ್ದಳು. ಮುರಿದ ಎಲುಬಿಗಿಂತ ಅದೇ ಅವ್ವನಿಗೆ ದೊಡ್ಡ ಸಂಕಟ. ತಾನೇ ಮೈ ತೊಳೆದುಕೊಳ್ಳದೆ ಲಿಂಗಪೂಜೆಗೆ ಕೂತರೆ ಅವಳಿಗೆ ಪೂಜೆ ಮಾಡಿದ ಹಾಗೇ ಅನ್ನಿಸುವುದಿಲ್ಲ.

"ಬಚ್ಚಲಾ ಎಲ್ಲೀತನಾ ಬಂತೋ?" ಎಂದು ದಿನಾ ಫೋನಿನಲ್ಲಿ ಕೇಳುತ್ತಿದ್ದಳು. "ಶ್ರಾವಣದಾಗರ ನನ್ನ ಜಳಕಾ ನಾ ಮಾಡ್ಕೊಂಡು ಪೂಜಾಕ್ಕ ಕೂಡಬೇಕು ನೋಡು."

"ರೇಟ್ ತಗೊಳ್ಳಿಕ್ಕತ್ತೀನವ್ವ, ತಡಿ," ಎನ್ನುತ್ತಿದ್ದೆ ನಾನು. ಶ್ರಾವಣಕ್ಕೆ ಇನ್ನು ಒಂದೇ ತಿಂಗಳಿತ್ತು.

ಮೊದಲು ಬಂದವನು ಋಷಿಕೇಶ. ದೊಡ್ಡ ಶೋರೂಮಿನವನು, ಲ್ಯಾಪ್‌ಟಾಪಿನಲ್ಲಿ ಬಚ್ಚಲಿನ ಬಣ್ಣದ ಚಿತ್ರ ತೋರಿಸಿ ಎರಡು ಲಕ್ಷ ಎಂಬತ್ತೈದು ಸಾವಿರ ಎಂದ. ಯಾವುದಕ್ಕೆ ಎಷ್ಟು ಎಂದು ಕೇಳಿದರೆ ಎಲ್ಲಾ ಪ್ಯಾಕೇಜಿನಲ್ಲಿದೆ ಎಂದು ನಕ್ಕ. ಎರಡನೆಯವನು ಬಾಳಕೃಷ್ಣ. ಬಾಗಿಲಲ್ಲೇ ನಿಂತು ಕಣ್ಣಳತೆ ಮಾಡಿ, ತೊಂಬತ್ತೈದು ಸಾವಿರಕ್ಕೆ ಮುಗಿಸಿಕೊಡುತ್ತೇನೆ ಎಂದ. ಅಷ್ಟು ಅಗ್ಗಕ್ಕೆ ಹೇಗೆ? ಕೆಳಗಿನ ಮನೆಗೆ ನೀರು ಇಳಿಯದ ಹಾಗೆ ಹಾಕುವ ವಾಟರ್‌ಪ್ರೂಫಿಂಗ್ ಸೇರಿದೆಯಾ ಎಂದರೆ ಸೇರಿಲ್ಲ. ಒಡೆದ ಟೈಲ್ಸ್ ಸಾಗಿಸುವುದು? ಅದೂ ಸೇರಿಲ್ಲ. ಒಬ್ಬ ಎಲ್ಲವನ್ನೂ ಗಂಟು ಕಟ್ಟಿ ದೋಚುವವನು, ಇನ್ನೊಬ್ಬ ಅರ್ಧ ಒಡೆದ ಮೇಲೆ ಒಂದೊಂದಾಗಿ ಕೀಳುವವನು.

ಮೂರನೆಯವನು ಓಂಕಾರ್. ಮೂವತ್ತೈದರ ಮನುಷ್ಯ, ಮಾತು ಕಡಿಮೆ. ಮರಾಠಿಯಲ್ಲಿ ನಮಸ್ಕಾರ ಹೇಳಿ, ಟೇಪು ಹಿಡಿದು ಒಳಗೆ ಹೋದವನು ಅರ್ಧ ಗಂಟೆ ಅಳೆದ, ನಲ್ಲಿ ತಿರುಗಿಸಿದ, ಗೋಡೆ ತಟ್ಟಿದ. ಇಷ್ಟೊಂದು ಅಳೆಯುವವನು ಬಿಲ್ಲನ್ನೂ ಇಷ್ಟೇ ಉದ್ದ ಮಾಡುತ್ತಾನೆ ಎಂದುಕೊಂಡೆ.

ಹೊರಗಿನವರ ಮುಂದೆ ಗುಟ್ಟು ಮಾತಾಡಬೇಕಾದರೆ ನಮಗೆ ಕನ್ನಡ ಇದ್ದೇ ಇದೆ. ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮಂಥ ಕನ್ನಡಿಗರಿಗೆ ಅದೊಂದು ಮನೆತನದ ಅನುಕೂಲ. ಸೀರೆ ಅಂಗಡಿಯಲ್ಲಿ, ರಿಕ್ಷಾದಲ್ಲಿ, ಹೆಣ್ಣು ನೋಡಲು ಹೋದಲ್ಲಿ, ಎಲ್ಲ ಕಡೆ ಹೀಗೇ ನಡೆಸಿದ್ದೇವೆ. ರೇಣು ಅವನ ಬೆನ್ನ ಹಿಂದೆಯೇ ನಿಂತು ಶುರುಮಾಡಿದಳು.

"ಅತ್ತಿ ಬಿದ್ದದ್ದು ಹೇಳಿಬಿಡ್ರಿ. ಕೈ ಹಿಡೀಲಿಕ್ಕೆ ಏನರ ಹಚ್ಚಿಕೊಡ್ತಾರ."

"ಸುಮ್ನಿರು. ಗರಜು ಅದ ಅಂತ ತಿಳೀತಂದ್ರ ರೇಟ್ ಏರಸ್ತಾರ. ಎಲ್ಲಾ ಕಳ್ಳರ ಇವರು."

"ಅವತ್ತ ಬಾಗಲಾ ತಗೀಲಿಕ್ಕೆ ಬರಲಿಲ್ಲ, ಅದನ್ನರ ಹೇಳ್ರಿ."

"ಬಾಗಲದ್ದು ಆಮ್ಯಾಲೆ ನೋಡೋಣು. ಇವನ ಮಾರಿ ನೋಡು, ಭಾಳ ಪಕ್ಕಾ ಇದ್ದಾನ."

ಓಂಕಾರ್ ಹೊಸ್ತಿಲಿನ ಎತ್ತರ ಅಳೆಯುತ್ತಿದ್ದ. ತಿರುಗಿ ನೋಡಲಿಲ್ಲ.

ಎರಡು ದಿನದ ನಂತರ ಅವನ ಪಟ್ಟಿ ಬಂತು. ಒಂದು ಲಕ್ಷ ಅರವತ್ತೆರಡು ಸಾವಿರ, ಕೈಬರಹದಲ್ಲಿ ಒಂದೊಂದಕ್ಕೂ ಬೇರೆ ಬೇರೆ ರೇಟು. ಒಡೆಯುವುದು, ಸಾಗಿಸುವುದು, ಪೈಪು, ವಾಟರ್‌ಪ್ರೂಫಿಂಗ್, ಕೂಲಿ. ಇಲ್ಲಿಯವರೆಗೆ ತಪ್ಪು ಸಿಗಲಿಲ್ಲ, ಸಿಗಲಿಲ್ಲವಲ್ಲ ಎಂದು ಸಿಟ್ಟೂ ಬಂತು. ಕೊನೆಯಲ್ಲಿ ನಾನು ಕೇಳದೇ ಇದ್ದ ಐದು ಸಾಲುಗಳಿದ್ದವು. ಜಾರದ ಒರಟು ಟೈಲ್ಸ್. ಗೋಡೆಗೆ ಮೂರು ಉಕ್ಕಿನ ಹಿಡಿಕೆ. ಕೂತು ಸ್ನಾನ ಮಾಡಲು ಕಟ್ಟೆ. ಹೊಸ್ತಿಲು ತೆಗೆದು ಇಳಿಜಾರು. ಬಾಗಿಲು ಹೊರಕ್ಕೆ ತೆರೆಯುವಂತೆ ಕೂರಿಸುವುದು. ಐದೂ ಸೇರಿ ಇಪ್ಪತ್ತೆಂಟು ಸಾವಿರ.

"ಸಿಕ್ಕಬಿದ್ದ ನೋಡು," ಎಂದೆ ರೇಣುಗೆ. "ಯಾರ ಕೇಳಿದ್ದರು ಇವನ್ನ?"

"ನಮಗ ಬೇಕಾದ್ದಾ ಬರದಾನಲ್ಲರಿ," ಎಂದಳು ಅವಳು.

"ಅದಾ ಸಂಶಯ. ಇವಗ ಹೆಂಗ ಗೊತ್ತಾತು?"

ನಮ್ಮ ಕಟ್ಟಡದ ವಾಚಮನ್ ಹೇಳಿರಬೇಕು ಎಂದು ತೀರ್ಮಾನಿಸಿದೆ. ಕೆಂಪು ಪೆನ್ನಿನಿಂದ ಐದೂ ಸಾಲು ಹೊಡೆದುಹಾಕಿದೆ. ವಾಚಮನ್‌ನನ್ನು ವಿಚಾರಿಸುವುದರಲ್ಲಿ, ಟೈಲ್ಸ್ ಅಂಗಡಿಗಳಿಗೆ ಅಲೆದು ರೇಟು ತಾಳೆ ನೋಡುವುದರಲ್ಲಿ ಇನ್ನೂ ಎಂಟು ದಿನ ಹೋದವು. ಅವ್ವ ಫೋನಿನಲ್ಲಿ ಕೇಳುವುದನ್ನು ನಿಲ್ಲಿಸಿದಳು. ಆಮೇಲೆ ಓಂಕಾರನನ್ನು ಕರೆಸಿ, ಹೊಡೆದುಹಾಕಿದ ಪಟ್ಟಿಯನ್ನು ಮುಂದಿಟ್ಟು, ಈ ದುಬಾರಿ ಸಾಲುಗಳನ್ನು ಯಾರು ಹೇಳಿಕೊಟ್ಟರು ಎಂದು ಮರಾಠಿಯಲ್ಲಿ ಗದರಿಸಿದೆ.

ಅವನು ಕೆಂಪು ಗೆರೆಗಳನ್ನು ನೋಡಿದ. ನಂತರ ಕನ್ನಡದಲ್ಲಿ ಹೇಳಿದ:

"ನೀವಾ ಹೇಳಿದ್ರಲ್ಲರಿ ಕಾಕಾ. ಅಜ್ಜಿ ಬಿದ್ದಾಗ ಬಾಗಲಾ ತಗೀಲಿಕ್ಕೆ ಬರಲಿಲ್ಲ ಅಂತ."

ರೇಣು ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ನಮ್ಮೂರು ಜತ್ತ, ಗಡಿ ಮ್ಯಾಲಿಂದು. ಮನ್ಯಾಗ ಕನ್ನಡಾನ," ಎಂದ ಓಂಕಾರ್. "ಕಳ್ಳ ಅಂದ್ರಿ, ಸಿಟ್ಟ ಬಂತು. ಈ ಕೆಲಸಾನ ಬ್ಯಾಡ ಅಂತ ಗಾಡೀತನಾ ಹೋಗಿದ್ದೆ. ಪಟ್ಟಿ ಬರದದ್ದು ಅಜ್ಜಿ ಸಲುವಾಗಿ. ನನ್ನ ಕಡೆ ಮಾಡಸಬ್ಯಾಡ್ರಿ ಬೇಕಾರ. ಯಾರ ಕಡೆ ಮಾಡಿಸಿದ್ರೂ ಈ ಐದು ಬಿಡಬ್ಯಾಡ್ರಿ."

ಅವನು ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಮೂವತ್ತೊಂದು ವರ್ಷದಲ್ಲಿ ನನ್ನ ಗರಜನ್ನು ಯಾರಿಗೂ ತೋರಿಸಿದವನಲ್ಲ. ಆವತ್ತು ಬಾಗಿಲಿಗೆ ಅಡ್ಡ ನಿಂತುಬಿಟ್ಟೆ.

"ತಪ್ಪಾತಪಾ. ಶ್ರಾವಣದಾಗ ನಮ್ಮವ್ವಗ ತನ್ನ ಕೈಲೆ ಜಳಕಾ ಮಾಡಬೇಕಂತ ಆಸೆ ಅದ. ಹನ್ನೆರಡ ದಿನಾ ಉಳದಾವ. ನೀನಾ ಮಾಡಿಕೊಡು."

ಅವನು ಮೆಟ್ಟಿದ ಚಪ್ಪಲಿಯನ್ನು ಮತ್ತೆ ಬಿಟ್ಟ. ನಂತರ ಜೇಬಿನಿಂದ ಪೆನ್ಸಿಲು ತೆಗೆದ.

"ಹಿಡಿಕೆ ಯಾವ ಎತ್ತರಕ್ಕ ಹಚ್ಚಲಿರಿ? ಅಜ್ಜಿ ಎಷ್ಟ ಎತ್ತರ ಇದ್ದಾರ?"

ಟೈಲ್ಸಿನ ದಪ್ಪ ಗೊತ್ತಿತ್ತು, ಪೈಪಿನ ವ್ಯಾಸ ಗೊತ್ತಿತ್ತು, ನಾಲ್ಕು ಅಂಗಡಿಯ ಸಿಮೆಂಟಿನ ರೇಟು ಬಾಯಿಪಾಠವಾಗಿತ್ತು. ಅವ್ವನ ಎತ್ತರ ನನಗೆ ಗೊತ್ತಿರಲಿಲ್ಲ.

ಅವನ ಟೇಪನ್ನೇ ಇಸಿದುಕೊಂಡು ಹಡಪಸರಕ್ಕೆ ಹೋದೆ. ಅವ್ವ ವಾಕರ್ ಹಿಡಿದು ಗೋಡೆಯ ಪಕ್ಕಕ್ಕೆ ಬಂದು ನಿಂತಳು. ಬೀಳುವ ಹಾಗಾದರೆ ಕೈ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಅವಳು ಯೋಚಿಸದೆ ಗೋಡೆಗೆ ಅಂಗೈ ಊರಿದಳು, ನನ್ನ ಲೆಕ್ಕಕ್ಕಿಂತ ಎಷ್ಟೋ ಕೆಳಗೆ. ಅಲ್ಲಿ ಟೇಪು ಹಿಡಿದೆ, ಮೂವತ್ತೊಂದು ಇಂಚು.

"ಇಷ್ಟ ಕೇಳಲಿಕ್ಕೆ ಎರಡ ತಿಂಗಳಾ ಬೇಕಾತೇನೋ?" ಎಂದಳು ಅವ್ವ.