ಕಣಗಿಲೆಗೆ ಎರಡು ಕಡೆಯ ಬೆಳಕು

ತಂಗಿಯ ಚಿತ್ರವನ್ನು ಗೋಡೆಯಿಂದ ಇಳಿಸಿ, ಚೌಕಟ್ಟು ಬಿಡಿಸಿ, ಎರಡು ರಟ್ಟುಗಳ ನಡುವೆ ಇಟ್ಟು ಕಟ್ಟಿದವಳು ಅಮ್ಮನೇ. ನನ್ನ ಕೈಗೆ ಬಿಡಲು ಅವಳಿಗೆ ಧೈರ್ಯ ಬರಲಿಲ್ಲ. ರಟ್ಟಿನ ಮೇಲೆ ದಿಂಬಿನ ಚೀಲ ತೊಡಿಸಿ, ಅದರ ಬಾಯಿಗೆ ಪಿನ್ನು ಚುಚ್ಚಿದಳು.

"ಬಸ್ಸಲ್ಲಿ ತೊಡೆ ಮೇಲೇ ಇಟ್ಕೋ ದೊಡ್ಡೋಳೆ. ಸೀಟಿನ ಕೆಳಗೆ ತಳ್ಳಿಬಿಟ್ಟೀಯ."

"ಇಲ್ಲಮ್ಮ."

"ನಿನ್ನ ಚಿತ್ರ ಎಲ್ಲಿ?"

"ಬ್ಯಾಗಲ್ಲಿದೆ."

"ಅದು ಹೇಗಾದ್ರೂ ಇರ್ಲಿ. ಇದು ಜೋಪಾನ."

ನಾನು ಹೊರಟಿದ್ದು ಗಿಡಗಳ ಜಲವರ್ಣ ಚಿತ್ರ ಕಲಿಸುವ ಶಿಬಿರಕ್ಕೆ. ಎರಡು ವರ್ಷದಿಂದ ಭಾನುವಾರದ ಕಾರ್ಯಾಗಾರಗಳಿಗೆ ಹೋಗುತ್ತಿದ್ದೆ. ಊರು ಬಿಟ್ಟು ಹೋಗಿ, ಅಲ್ಲೇ ಉಳಿದು ಕಲಿಯುವುದು ಇದೇ ಮೊದಲು. ಶಿಬಿರದ ಕೊನೆಗೆ ಟೀಚರ್ ವರ್ಷದ ಪ್ರದರ್ಶನಕ್ಕೆ ಚಿತ್ರಗಳನ್ನು ಆರಿಸುತ್ತಾರೆ. ನಿಮ್ಮದೊಂದು ತನ್ನಿ, ಮನೆಯಲ್ಲಿ ಬೇರೆ ಯಾರಾದರೂ ಬರೆದದ್ದಿದ್ದರೆ ಅದನ್ನೂ ತನ್ನಿ ಎಂದು ಅವರು ಹೇಳಿದ್ದನ್ನು ನಾನು ಊಟದ ಹೊತ್ತಿನಲ್ಲಿ ಬಾಯಿಬಿಟ್ಟಿದ್ದೆ. ಅಂದಿನಿಂದ ಅಮ್ಮನಿಗೆ ಬೇರೆ ಮಾತೇ ಇಲ್ಲ. ಚಿಕ್ಕವಳ ಚಿತ್ರ ದೊಡ್ಡ ಹಾಲಿನ ಗೋಡೆಯ ಮೇಲೆ ಇರಬೇಕು, ಕೆಳಗೆ ಅವಳ ಹೆಸರಿರಬೇಕು, ಮಂಡಿ ಕಿತ್ತು ಬಂದರೂ ಸರಿ ತಾನು ಹೋಗಿ ಅದರ ಮುಂದೆ ನಿಲ್ಲಬೇಕು.

ಅದು ಒಂದು ಕಣಗಿಲೆ ಕೊಂಬೆ. ಬೆನ್ನುಮೂಳೆಯ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ತಂಗಿ ಎದೆಯ ಮೇಲೆ ಹಲಗೆ ಇಟ್ಟುಕೊಂಡು ಬರೆದ ಕೊನೆಯ ಚಿತ್ರ. ಅವಳಿಗೆ ಯಾರೂ ಕಲಿಸಿದವರಿಲ್ಲ. ಗ್ರಂಥಾಲಯದ ಪುಸ್ತಕಗಳನ್ನು ನೋಡಿ ನೋಡಿ ತಾನೇ ಕಲಿತಳು. ವಿಷದ ಗಿಡ, ಮನೆಯೊಳಗೆ ಬೇಡ ಎಂದು ಅಮ್ಮ ಗೊಣಗಿದರೂ ಎದುರು ಕಾಂಪೌಂಡಿನಿಂದ ಕೊಂಬೆ ಮುರಿದು ತಂದು, ಔಷಧಿ ಬಾಟಲಿಯಲ್ಲಿ ನೀರು ಹಾಕಿ, ಮಂಚದ ಪಕ್ಕ ಇಟ್ಟವಳೂ ಅಮ್ಮನೇ. ಮನೆಗೆ ಯಾರು ಬಂದರೂ ಅಮ್ಮ ಆ ಚಿತ್ರದ ಕೆಳಗೆ ಕೂರಿಸಿ ಹೇಳುತ್ತಿದ್ದಳು: "ಅವಳು ಬರೆದಳು, ನಾನು ದೀಪ ಹಿಡಿದೆ. ಅವಳಿಗೆ ಅಂತ ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು." ಮಿಕ್ಕಿದ್ದೆಲ್ಲ ತಪ್ಪು ಎನ್ನುವುದು ಅಮ್ಮನ ನಂಬಿಕೆ. ಬೇಗ ಡಾಕ್ಟರ ಹತ್ತಿರ ಒಯ್ಯಲಿಲ್ಲ, ಬೆನ್ನು ನೋವು ಎಂದಾಗ ಸೋಮಾರಿತನ ಎಂದು ಗದರಿದೆ, ಹೀಗೆ. ಆ ದೀಪದ ಮಾತೊಂದನ್ನು ಹೇಳುವಾಗ ಮಾತ್ರ ಅವಳ ಮುಖ ಸಡಿಲವಾಗುತ್ತಿತ್ತು.

ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸದವಳು. ಹೊಲಿದು ಬಂದ ಅಂಗಿಗಳನ್ನು ತಿರುಗಿಸಿ ನೋಡಿ, ತಪ್ಪಿರುವ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು. ಸಂಜೆ ಕಾಲೇಜಿನಲ್ಲಿ ಓದಿ ಡಿಗ್ರಿ ಮಾಡಿಕೊಂಡರೂ ಕೆಲಸ ಬದಲಾಗಲಿಲ್ಲ. ಕಲೆ ಎನ್ನುವ ಪದ ನನ್ನ ಬಾಯಲ್ಲಿ ಬಂದರೆ ನನಗೇ ನಾಚಿಕೆ. ತಂಗಿ ಹೋದ ಮೇಲೆ ಅವಳ ಬಣ್ಣದ ಡಬ್ಬಿ ಒಣಗುತ್ತಿತ್ತು. ಎಸೆಯಲು ಮನಸ್ಸಾಗಲಿಲ್ಲ, ಹಾಗೇ ಇಡಲೂ ಆಗಲಿಲ್ಲ. ಅದಕ್ಕೇ ಆ ಭಾನುವಾರದ ಕಾರ್ಯಾಗಾರಕ್ಕೆ ಸೇರಿದೆ.

ಕಲಿಯುತ್ತಾ ಬಂದ ಹಾಗೆ ಒಂದು ತೊಂದರೆ ಶುರುವಾಯಿತು. ಒಂದೇ ಅಂಗಿಯ ಎರಡು ತೋಳು ಬಟ್ಟೆಯ ಬೇರೆ ಬೇರೆ ಥಾನಿನಿಂದ ಬಂದಿದ್ದರೆ ದೂರದಿಂದಲೇ ಏನೋ ಸರಿಯಿಲ್ಲ ಅನ್ನಿಸುತ್ತದೆ. ಏನೆಂದು ಹೇಳಲು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿಯಬೇಕು. ಕೆಲವು ತಿಂಗಳ ಹಿಂದೆ ಊಟ ಮಾಡುತ್ತಾ ತಲೆ ಎತ್ತಿದಾಗ ಕಣಗಿಲೆಯನ್ನು ನೋಡಿ ನನಗೆ ಹಾಗೆ ಅನ್ನಿಸಿತು. ಆಮೇಲೆ ನಾನು ಆ ಗೋಡೆಗೆ ಬೆನ್ನು ಮಾಡಿ ಕೂತು ಉಣ್ಣತೊಡಗಿದೆ. ಅಮ್ಮ ಕೇಳಿದ್ದಕ್ಕೆ ಫ್ಯಾನಿನ ಗಾಳಿ ಎಂದೆ.

ಶಿಬಿರ ನಡೆದದ್ದು ರಜೆಗೆ ಮುಚ್ಚಿದ್ದ ಶಾಲೆಯೊಂದರ ಹಾಸ್ಟೆಲಿನಲ್ಲಿ. ಊಟದ ಉದ್ದ ಮೇಜುಗಳನ್ನೇ ಕಿಟಕಿಯ ಪಕ್ಕಕ್ಕೆ ಎಳೆದು ಕೂತೆವು. ಬಕೆಟ್ಟುಗಳಲ್ಲಿ ಒದ್ದೆ ಬಟ್ಟೆ ಸುತ್ತಿದ ಕೊಂಬೆಗಳು. ಟೀಚರ್ ಗಿಡಗಳ ಸಂಶೋಧನೆಯ ಕಚೇರಿಯೊಂದರಲ್ಲಿ ಇಡೀ ಆಯುಷ್ಯ ಎಲೆ, ಬೀಜ, ಬೇರು ಬರೆದು ನಿವೃತ್ತರಾದವರು. ಹೊಗಳುವುದು ಅವರಿಗೆ ಬರುವುದಿಲ್ಲ. ಬೆಳಕು ಎಡಗಡೆ ಮೇಲಿನಿಂದ ಬೀಳಬೇಕು, ಕೊನೆಯವರೆಗೂ ಅಲ್ಲಿಂದಲೇ ಬೀಳಬೇಕು ಎನ್ನುವುದು ಅವರ ಮೊದಲ ಪಾಠ. ಮಧ್ಯಾಹ್ನ ಬಿಸಿಲು ತಿರುಗಿದರೆ ಕುಂಚ ಕೆಳಗಿಡಿಸುತ್ತಿದ್ದರು.

"ಹೂವು ಬಾಡಿದ್ರೆ ಇನ್ನೊಂದು ಕಿತ್ತು ಕೊಡ್ತೀನಿ. ಬೆಳಕು ಬಾಡಿದ್ರೆ ನಾನೆಲ್ಲಿಂದ ತರ್ಲಿ? ಏಳಿ, ಟೀ ಕುಡೀರಿ."

ನನ್ನ ಪಕ್ಕದಲ್ಲಿ ಕೂರುತ್ತಿದ್ದವರು ಒಬ್ಬ ವಯಸ್ಸಾದ ಹಲ್ಲಿನ ಡಾಕ್ಟರು. ನನ್ನ ಕೆಲಸ ಏನೆಂದು ತಿಳಿದಂದಿನಿಂದ ನನ್ನನ್ನು ಬಾಣದ ಮೇಡಂ ಎಂದು ಕರೆಯುತ್ತಿದ್ದರು. ನಾನು ತಂದಿದ್ದ ಬೆಳ್ಳುಳ್ಳಿ ಗಡ್ಡೆಯ ಚಿತ್ರವನ್ನು ಕನ್ನಡಕ ಎತ್ತಿ ನೋಡಿ, "ಬಾಣದ ಮೇಡಂ, ದವಡೆ ಹಲ್ಲು ಬೇರು ಸಮೇತ ಬರೆದಿದ್ದೀರಲ್ರೀ! ನಲವತ್ತು ವರ್ಷ ಕಿತ್ತಿದ್ದೀನಿ, ಇಷ್ಟು ಚೆನ್ನಾಗಿರೋದು ಒಂದೂ ಸಿಗಲಿಲ್ಲ" ಎಂದರು. ನಾನು ನಕ್ಕೆ. ಒಳಗೊಳಗೆ, ನಿಜವಾಗಿಯೂ ಹಲ್ಲಿನ ಹಾಗಿದೆಯೇನೋ ಎಂದು ಚಿಂತೆಗೂ ಬಿದ್ದೆ.

ಕೊನೆಯ ದಿನ ಬೆಳಿಗ್ಗೆ ಎಲ್ಲ ಚಿತ್ರಗಳನ್ನೂ ಗೋಡೆಗೆ ಸಿಕ್ಕಿಸಿದರು. ಹೆಸರು ಹಿಂಬದಿಯಲ್ಲಿ ಮಾತ್ರ. ಒಂದೊಂದು ಚಿತ್ರದ ಮುಂದೆಯೂ ಎಲ್ಲರೂ ನಿಂತು ಕಂಡದ್ದನ್ನು ಹೇಳಬೇಕು; ತಂದವರು ಬಾಯಿ ಬಿಡುವ ಹಾಗಿಲ್ಲ.

ಕಣಗಿಲೆಯ ಮುಂದೆ ಬಂದಾಗ ನಾನು ಹಿಂದಿನ ಸಾಲಿನಲ್ಲಿ ನಿಂತೆ. ಮೊದಲು ಟೀಚರೇ ಮಾತಾಡಿದರು. "ಎಲೆಗಳನ್ನ ನೋಡಿ. ಗೆಣ್ಣು ಗೆಣ್ಣಿಗೂ ಮೂರು ಮೂರು ಬಂದಿವೆ. ಎಲ್ಲರೂ ಎರಡೆರಡು ಹಾಕಿಬಿಡ್ತಾರೆ. ಇವರು ಕೂತು ನೋಡಿದ್ದಾರೆ." ನನ್ನ ಎದೆ ಉಬ್ಬಿತು. ಕೂತು ಅಲ್ಲ ಟೀಚರ್, ಮಲಗಿ ಎಂದು ಹೇಳಬೇಕೆನಿಸಿತು.

"ಆದ್ರೆ ಈ ಕೆಳಗಿನ ಎಲೆಗಳ ನೆರಳು ಬಲಗಡೆ ಇದೆ" ಎಂದಳು ಮುಂದೆ ನಿಂತ ಹುಡುಗಿಯೊಬ್ಬಳು. "ಮೇಲಿನ ಹೂವು, ಮೊಗ್ಗು, ಅವುಗಳ ನೆರಳು ಎಡಗಡೆ ಇದೆ."

"ನಡುವಿನ ಎಲೆಗೆ ಎರಡೂ ಕಡೆ" ಎಂದರು ಇನ್ನೊಬ್ಬರು.

ಹಲ್ಲಿನ ಡಾಕ್ಟರು ತಲೆ ವಾಲಿಸಿ ನೋಡಿದರು. "ಪಾಪ, ಅರ್ಧ ಬರೆದ ಮೇಲೆ ಮನೆ ಖಾಲಿ ಮಾಡಿಸಿದ್ದಾರೆ ಅನ್ಸುತ್ತೆ!"

ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ನನ್ನ ಬೆಳ್ಳುಳ್ಳಿಗೂ ಹೀಗೇ ನಕ್ಕಿದ್ದರು. ಆದರೆ ನನಗೆ ನಗು ಬರಲಿಲ್ಲ, ಯಾಕೆಂದರೆ ಡಾಕ್ಟರು ಹೇಳಿದ್ದು ಹೆಚ್ಚು ಕಡಿಮೆ ಸರಿ. ಮನೆಯಲ್ಲ, ಮಂಚ.

ಕಿಟಕಿ ತಂಗಿಯ ಎಡಕ್ಕಿತ್ತು. ಚಿತ್ರ ಅರ್ಧವಾಗಿದ್ದಾಗ ಮಂಚ ತಿರುಗಿಸಿದೆವು. ತಲೆಯ ಕಡೆ ಕಾಲು, ಕಾಲಿನ ಕಡೆ ತಲೆ. ಅಡುಗೆಮನೆಯಲ್ಲಿ ನಿಂತರೆ ಅವಳ ಮುಖ ಕಾಣಬೇಕು, ರಾತ್ರಿ ಹಗಲು ಕಣ್ಣು ಹಾಯುತ್ತಿರಬೇಕು ಎಂದು ಅಮ್ಮ ಹಟ ಹಿಡಿದಿದ್ದಳು. ತಂಗಿ ಬೇಡ ಎಂದಳು. "ಬೆಳಕು ಬದಲಾಗುತ್ತಮ್ಮ, ಇದೊಂದು ಮುಗೀಲಿ." ಅಷ್ಟೇನಾ ಎಂದು ಅಮ್ಮ ಓಡಿಹೋಗಿ ನನ್ನ ಓದುವ ಮೇಜಿನ ದೀಪ ತಂದು, ತಂತಿ ಎಳೆದು, ಹಲಗೆಯ ಹತ್ತಿರ ಹಿಡಿದಳು. "ತಗೋ, ಎಷ್ಟು ಬೇಕು ಬೆಳಕು?" ತಂಗಿ ದೀಪವನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಸಾಕಮ್ಮ, ಚೆನ್ನಾಗಿ ಕಾಣ್ತಿದೆ" ಎಂದಳು. ಮಂಚದ ಇನ್ನೊಂದು ತುದಿ ಹಿಡಿದು ಎಳೆದವಳು ನಾನು. ಆಗ ನನಗೂ ಅವಳು ಹೇಳಿದ್ದು ಅರ್ಥವಾಗಿರಲಿಲ್ಲ. ಅವಳಿಗೆ ಮಾತ್ರ ಗೊತ್ತಿತ್ತು. ಎದುರಿಗೆ ಕಂಡದ್ದನ್ನು ಕಂಡ ಹಾಗೆ ಬರೆದಳು. ಬೆಳಕು ಬಲಕ್ಕೆ ಹೋಯಿತು, ನೆರಳು ಎಡಕ್ಕೆ ಬಂತು, ಅವಳೂ ಹಾಗೇ ಬರೆದಳು.

"ಬಾಣದ ಮೇಡಂ, ನಿಮ್ಮ ಸರದಿ" ಎಂದರು ಡಾಕ್ಟರು.

ಎಲ್ಲರೂ ತಿರುಗಿದರು. ಬಾಯಿ ಬಿಡದಿದ್ದರೆ ಚಿತ್ರ ತಂದವಳು ನಾನೇ ಎಂದು ಗೊತ್ತಾಗುತ್ತದೆ. ತಪ್ಪು ಕಂಡರೆ ಬಾಣ ಅಂಟಿಸದೆ ಮುಂದೆ ಕಳಿಸಿದ್ದು ನನ್ನ ಜನ್ಮದಲ್ಲಿಲ್ಲ.

"ಬೆಳಕು ಎರಡು ಕಡೆಯಿಂದ ಇದೆ" ಎಂದೆ. ಧ್ವನಿ ಸರಿಯಾಗಿಯೇ ಬಂತು.

ಮಧ್ಯಾಹ್ನ ಟೀಚರ್ ನನ್ನನ್ನು ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಕರೆದರು. ಆರಿಸಿದ ಚಿತ್ರಗಳಲ್ಲಿ ನನ್ನ ಬೆಳ್ಳುಳ್ಳಿ ಇತ್ತು. ಕಣಗಿಲೆ ಅವರ ಕೈಯಲ್ಲಿತ್ತು. ಹಿಂಬದಿಯ ಹೆಸರು ಓದಿದ್ದರು.

"ನಿಮ್ಮ ತಂಗೀನಾ? ಈಗ..."

"ಇಲ್ಲ ಟೀಚರ್. ಮೂರು ವರ್ಷ ಆಯ್ತು."

ಅವರು ಕೇಳದಿದ್ದರೂ ನಾನು ಎಲ್ಲವನ್ನೂ ಹೇಳಿಬಿಟ್ಟೆ, ಮಂಚ, ದೀಪ, ಅಡುಗೆಮನೆ. ಟೀಚರ್ ಚಿತ್ರವನ್ನು ಮತ್ತೆ ನೋಡಿದರು. ಈ ಸಲ ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಇದನ್ನ ಹಾಕೋಣ" ಎಂದರು. "ಕೆಳಗೆ ಒಂದು ಸಾಲು ಬರೀತೀನಿ. ಬರೀತಿದ್ದಾಗ ಮಂಚ ತಿರುಗಿಸಿದ್ರು, ಅದಕ್ಕೇ ಬೆಳಕು ಎರಡು ಕಡೆಯಿಂದ, ಅಂತ. ನೋಡಿದವರು ಮರೆಯಲ್ಲ."

"ಆ ಸಾಲು ಇಲ್ದೆ ಹಾಕೋಕಾಗಲ್ವಾ ಟೀಚರ್?"

"ಬೆಳಿಗ್ಗೆ ನಕ್ಕರಲ್ಲಮ್ಮ. ಪ್ರದರ್ಶನಕ್ಕೆ ಇದೆಲ್ಲ ಗೊತ್ತಿರೋರು ಇನ್ನೂ ಜಾಸ್ತಿ ಜನ ಬರ್ತಾರೆ. ಅವಳನ್ನ ಹಾಗೆ ನಿಲ್ಲಿಸೋದು ಬೇಡ."

ಅದೂ ನಿಜವೇ. ಆದರೆ ಅಮ್ಮ ಅಂಗಡಿಯವರು ಸಾಮಾನು ಕಟ್ಟಿಕೊಟ್ಟ ಕಾಗದದ ಚೂರನ್ನೂ ಬಿಡದೆ ಓದುವವಳು. ಮಂಡಿ ಹಿಡಿದುಕೊಂಡು ಬಂದು, ಮಗಳ ಚಿತ್ರದ ಮುಂದೆ ನಿಂತು, ಮೊದಲು ಓದುವುದೇ ಆ ಸಾಲನ್ನು. ಆಮೇಲೆ ದೀಪದ ಕತೆಯನ್ನು ಅವಳು ಯಾರಿಗೆ, ಯಾವ ಬಾಯಲ್ಲಿ ಹೇಳಬೇಕು? ತಂಗಿ ಆವತ್ತು ಸಾಕಮ್ಮ ಎಂದಿದ್ದಳು. ಅವಳು ಮುಚ್ಚಿಟ್ಟದ್ದನ್ನು ಗೋಡೆಗೆ ಅಂಟಿಸಲು ನಾನು ಯಾರು? ಆದರೆ ಹಾಕಬೇಡಿ ಎಂದರೆ ಚಿಕ್ಕವಳ ಹೆಸರು ಆ ಗೋಡೆಯ ಮೇಲೆ ಎಂದಿಗೂ ಬರುವುದಿಲ್ಲ. ನಾನು ಕಟ್ಟೆಯ ಮೇಲಿದ್ದ ಒಂದು ಲೋಟ ತೊಳೆದೆ. ತೊಳೆದದ್ದನ್ನೇ ಮತ್ತೊಮ್ಮೆ ತೊಳೆದೆ.

"ಬೇಡ ಟೀಚರ್" ಎಂದೆ. "ನನ್ನದೂ ಬೇಡ. ಎರಡನ್ನೂ ಕೊಟ್ಟುಬಿಡಿ."

"ನಿಮ್ಮದು ಇರ್ಲಿ. ಪಟ್ಟಿ ಆಗ್ಲೇ ಅಚ್ಚಿಗೆ ಕಳ್ಸಿದ್ದೀನಿ, ಒಂದು ಸೇರಿಸಬಹುದು, ತೆಗೆಯೋಕಾಗಲ್ಲ" ಎಂದು ಹೇಳಿ, ಅವರೇ ಚಿತ್ರವನ್ನು ರಟ್ಟಿನ ನಡುವೆ ಇಟ್ಟುಕೊಟ್ಟರು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದಳು. ಅವಳು ಮೊದಲು ನೋಡಿದ್ದು ನನ್ನ ಕೈಯನ್ನು.

"ಯಾಕೆ ವಾಪಸ್ ತಂದೆ?"

"ಜಾಗ ಸಾಲಲಿಲ್ವಂತಮ್ಮ."

"ಇಷ್ಟುದ್ದ ಕಾಗದಕ್ಕೆ ಜಾಗ ಸಾಲಲಿಲ್ವಾ? ಏನಾದ್ರೂ ತಪ್ಪು ಇತ್ತಂತಾ?"

"ತಪ್ಪೇನಿಲ್ಲ. ಎಲೆಗಳನ್ನ ತುಂಬಾ ಹೊಗಳಿದ್ರು. ಮೂರು ಮೂರು ಸರಿಯಾಗಿ ಬಂದಿವೆ ಅಂದ್ರು."

"ಮತ್ತೆ?"

"ಜಾಗ ಇಲ್ಲ ಅಂದ್ರು."

"ನೀನು ಎರಡು ವರ್ಷ ಕಲ್ತವಳು. ನಿನ್ನ ಕಣ್ಣಿಗೆ ಏನು ಕಾಣ್ಸುತ್ತೆ? ನಿಜ ಹೇಳು."

"ಏನೂ ಕಾಣ್ಸಲ್ಲಮ್ಮ."

"ಏನೂ ಕಾಣ್ಸದೆ ಇರೋದಕ್ಕೆ ಎರಡು ವರ್ಷ ಕ್ಲಾಸಿಗೆ ಹೋದ್ಯಾ?" ಎಂದಳು ಅಮ್ಮ. ನನ್ನ ಬ್ಯಾಗಿನ ಕಡೆ ನೋಡಿ ಕೇಳಿದಳು: "ನಿನ್ನದು ಎಲ್ಲಿ?"

ಸುಳ್ಳು ಹೇಳಬಹುದಿತ್ತು. ಆದರೆ ಅಚ್ಚಾದ ಪಟ್ಟಿ ಇಂದಲ್ಲ ನಾಳೆ ಮನೆಗೆ ಬರುತ್ತದೆ.

"ಇಟ್ಕೊಂಡ್ರು."

"ಯಾವುದು, ಆ ಬೆಳ್ಳುಳ್ಳೀನಾ?"

"ಹೂಂ."

"ಬೆಳ್ಳುಳ್ಳಿಗೆ ಜಾಗ ಇತ್ತು."

ನಾನು ಚೀಲದ ಪಿನ್ನು ಬಿಚ್ಚುತ್ತಾ ಕೂತೆ. ಪಿನ್ನು ಬರಲಿಲ್ಲ.

"ಮನೆಗೆ ಒಂದೇ ಅಂತ ಹೇಳಿದ್ರಾ? ಅಕ್ಕ ತಂಗಿ ಇಬ್ಬರಲ್ಲಿ ಒಬ್ಬರದು ಅಂತ?"

ಅವಳೇ ದಾರಿ ತೋರಿಸಿದ ಹಾಗಿತ್ತು. ಇಲ್ಲ ಎಂದರೆ ಮತ್ತೆ ತಪ್ಪಿನ ಮಾತಿಗೇ ಬರುತ್ತಾಳೆ, ಬಿಡುವವಳಲ್ಲ. ನಾನು ಎಲ್ಲಿಯವರೆಗೆ ತಡೆದುಕೊಂಡೇನು ಎಂದು ನನಗೇ ಗೊತ್ತಿಲ್ಲ.

"ಹೂಂ ಅಮ್ಮ. ಒಂದೇ ಅಂದ್ರು."

"ನೀನು ನಿನ್ನದು ಕೊಟ್ಟೆ."

"ಹೂಂ."

ಅಮ್ಮ ಬಯ್ಯಲಿಲ್ಲ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಚೀಲವನ್ನು ನನ್ನ ತೊಡೆಯ ಮೇಲಿಂದ ತೆಗೆದುಕೊಂಡು, ಪಿನ್ನನ್ನು ಹಲ್ಲಿನಲ್ಲಿ ಎಳೆದು, ಚಿತ್ರವನ್ನು ಬೆಳಕಿಗೆ ಹಿಡಿದು ಮೂಲೆ ಮೂಲೆ ನೋಡಿದಳು, ಎಲ್ಲಾದರೂ ಮಡಚಿದೆಯೇನೋ ಎಂದು. ಆಮೇಲೆ ಚೌಕಟ್ಟಿಗೆ ಸೇರಿಸಿ, ಗಾಜು ಒರೆಸಿ, ಕುರ್ಚಿಯನ್ನು ಗೋಡೆಯ ಹತ್ತಿರ ಎಳೆದಳು.

"ನಾನು ಹಾಕ್ತೀನಮ್ಮ, ನಿನ್ನ ಮಂಡಿ..."

"ನೀನು ಮುಟ್ಟಬೇಡ."

ಗೋಡೆ ಹಿಡಿದು, ನರಳಿ, ಒಂದೊಂದೇ ಕಾಲು ಎತ್ತಿ ಕುರ್ಚಿ ಹತ್ತಿದಳು. ಕುರ್ಚಿಯ ಒಂದು ಕಾಲು ಅಲ್ಲಾಡುತ್ತಿತ್ತು. ನಾನು ನೆಲದ ಮೇಲೆ ಕೂತು ಅದನ್ನು ಎರಡು ಕೈಯಲ್ಲೂ ಒತ್ತಿ ಹಿಡಿದೆ. ಅವಳು ಮೊಳೆ ಹುಡುಕುತ್ತಿದ್ದರೆ ಹಿಮ್ಮಡಿ ನನ್ನ ಮುಖದ ಹತ್ತಿರ ಏಳುತ್ತಾ ಇಳಿಯುತ್ತಾ ಇತ್ತು. ಚಿತ್ರ ಸಿಕ್ಕಿಸಿ, ಗೋಡೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು.

"ನೆಟ್ಟಗಿದೆಯಾ?"

ತಲೆ ಎತ್ತಿ ನೋಡಿದೆ. ತಿಂಗಳುಗಳ ನಂತರ ಆ ಚಿತ್ರವನ್ನು ಅದರ ಜಾಗದಲ್ಲಿ ಎದುರಿಗೆ ನೋಡುತ್ತಿದ್ದೆ.

"ಬಲಗಡೆ ಸ್ವಲ್ಪ ಇಳಿಸಮ್ಮ."

ಅವಳು ಇಳಿಸಿದಳು.