ಒಂದು ರೋಗ, ನಾಲ್ಕು ಹೆಸರು, ನಡುವೆ ನಾನೊಂದು ಸ್ವೆಟರ್

ನಾನು ಒಂದು ಸ್ವೆಟರ್. ಬಣ್ಣ ಬದನೆಕಾಯಿಯದು, ಎದೆಗೆ ಐದು ಗುಂಡಿ. ನಗಬೇಡಿ, ರಾಯಚೂರಿನ ಬಿಸಿಲಲ್ಲಿ, ಉರಿಯುವ ಒಲೆಯ ಮುಂದೆ ಜೀವ ಸವೆಸಿದವನು ನಾನು. ನನಗೆ ಸಿಟ್ಟಿದೆ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ, ನನಗೆ ದವಡೆಯೂ ಇಲ್ಲ. ಅದಕ್ಕೇ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಲುಧಿಯಾನದ ಯಂತ್ರವೊಂದು ನನ್ನನ್ನು ಹೆಣೆಯಿತು. ಹಿಮ ಬೀಳುವ ಊರಿಗೆ ಹೋಗುತ್ತೇನೆಂದು ಬೀಗಿದ್ದೆ. ಟಿಬೆಟಿನ ಹೆಂಗಸೊಬ್ಬಳ ಗಂಟಿನಲ್ಲಿ ಬಂದು ಇಳಿದದ್ದು ಮಾತ್ರ ರಾಯಚೂರಿನ ಫುಟ್‌ಪಾತಿಗೆ! ರೊಟ್ಟಿ ಕೇಂದ್ರ ನಡೆಸುವ ನೀಲಮ್ಮ ಶ್ರೀಶೈಲ ಯಾತ್ರೆಗೆಂದು ಚೌಕಾಸಿ ಮಾಡಿ ನನ್ನನ್ನು ಕೊಂಡಳು. ಯಾತ್ರೆ ಮುಗಿದದ್ದೇ ನುಸಿಗುಳಿಗೆಯ ಜೊತೆ ಟ್ರಂಕಿಗೆ ಹಾಕಿ ಮರೆತಳು.

ಅಲ್ಲಿಂದ ನನ್ನನ್ನು ಹೊರಗೆ ತೆಗೆದವಳು ಅವಳ ಸೊಸೆ ನಾಗವೇಣಿ. ತವರಿನಲ್ಲಿ ಅವಳು ಶಕುಂತಲಾ. ಮದುವೆಯ ದಿನ ಗಂಡ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆದಿದ್ದ. ಆ ಮನೆತನದ ಪದ್ಧತಿ ಅದು.

ನಾಗವೇಣಿಗೆ ಸದಾ ಚಳಿ. ಊರೆಲ್ಲ ಬೆವರು ಒರೆಸಿಕೊಳ್ಳುವಾಗ ಅವಳು ನನ್ನನ್ನು ತೊಟ್ಟು ರೊಟ್ಟಿ ಬಡಿಯುತ್ತಿದ್ದಳು. ಮೈ ಊದಿತು, ಕೂದಲು ಉದುರಿತು, ಕೂತಲ್ಲೇ ಕಣ್ಣು ಎಳೆಯುತ್ತಿತ್ತು. "ಏನವಾ, ಊಟಿಗೆ ಹೊಂಟೀಯೇನು?" ಎಂದು ರೊಟ್ಟಿಗೆ ಬಂದವರು ನಗುತ್ತಿದ್ದರು. ನೀಲಮ್ಮ ಮೈಗಳ್ಳಿ ಅಂದಳು. ಮೊದಲ ಬಸಿರೂ ಇಳಿದುಹೋಯಿತು. ಆ ದಿನ ಅವಳು ನನ್ನ ತೋಳಿನಲ್ಲಿ ಮುಖ ಮುಚ್ಚಿ ಅತ್ತಳು. ನಾನು ನೆನೆದು ಹೋದೆ, ಬೇರೇನು ಮಾಡಲಿ?

ಆಮೇಲೆ ಡಾಕ್ಟರರ ಸರದಿ. ಒಬ್ಬರು "ಹೈಪೋಥೈರಾಯ್ಡ್" ಎಂದು ಬೆಳಗಿನ ಬರಿಹೊಟ್ಟೆಗೆ ಒಂದು ಸಣ್ಣ ಗುಳಿಗೆ ಕೊಟ್ಟರು. ಅದರಿಂದ ಗುಣ ಕಂಡಿತು. ತವರೂರಿನ ಡಾಕ್ಟರು ಕುತ್ತಿಗೆ ಮುಟ್ಟಿ "ಗಾಯಿಟರ್" ಅಂದರು. ಮತ್ತೊಬ್ಬರು ರಕ್ತ ಪರೀಕ್ಷೆ ನೋಡಿ "ಆಟೋಇಮ್ಯೂನ್ ಥೈರಾಯ್ಡೈಟಿಸ್" ಅಂದರು. ಕೊನೆಯವರು "ಹಾಷಿಮೊಟೊ" ಎಂದು ಬರೆದು ಮುಂದಿನ ರೋಗಿಯನ್ನು ಕರೆದರು. ಎಲಾ ಇವರ! ಹೆಸರಿಟ್ಟು ಕಳಿಸಿದರೇ ಹೊರತು, "ತಾಯಿ, ಇವೆಲ್ಲ ಒಂದೇ" ಎಂದು ಹೇಳುವಷ್ಟು ಬಾಯಿ ಒಬ್ಬರಿಗೂ ಇರಲಿಲ್ಲ!

"ನಾಕು ರೋಗದಾಕಿನ ನಮ್ಮ ಕೊಳ್ಳಿಗಿ ಕಟ್ಟ್ಯಾರ" ಎಂದು ನೀಲಮ್ಮ ಓಣಿಗೆಲ್ಲ ಸಾರಿದಳು.

ಅಷ್ಟರಲ್ಲಿ ನಾಗವೇಣಿ ಮತ್ತೆ ಬಸುರಿಯಾದಳು. ನೀಲಮ್ಮ ಗುಳಿಗೆಯ ಡಬ್ಬಿಯನ್ನು ಅಟ್ಟಕ್ಕೆ ಹಾಕಿದಳು. "ಈ ಗುಳಿಗಿ ಹಳೀ ಬ್ಯಾನಿದು. ಈಗ ಬಂದದ್ದು ಹಾಷಿಮೊಟೊ. ಹೊಟ್ಟ್ಯಾಗ ಕೂಸು ಇಟಗೊಂಡು, ವಾಸಿಯಾದ ರೋಗಕ್ಕ ಯಾಕ ಗುಳಿಗಿ ನುಂಗ್ತಿ?"

"ಡಾಕ್ಟರು ಬಿಡು ಅಂದಿಲ್ಲ ಅತ್ತಿ..."

"ನಾ ಅನ್ನಾಕತ್ತೀನಲ್ಲ!"

ಕೆಟ್ಟವಳಲ್ಲ ನೀಲಮ್ಮ. ಮೊಮ್ಮಗು ಉಳಿಯಲಿ ಎಂದೇ ಹಾಗೆ ಮಾಡಿದಳು. ಅದೇ ನನ್ನ ಹೊಟ್ಟೆ ಉರಿಸಿದ್ದು. ನಾಗವೇಣಿಗೆ ಮತ್ತೆ ಚಳಿ ಹತ್ತಿತು, ಐದೂ ಗುಂಡಿ ಬಿಗಿದುಕೊಂಡಳು. ಹಂಚಿನ ಮುಂದೆ ತೂಕಡಿಸಿದಳು, ರೊಟ್ಟಿ ಕರಕಲಾಯಿತು. ಉಣ್ಣೆ ಹೊರಗಿನ ಚಳಿಯನ್ನು ತಡೆದೀತು, ಒಳಗಿಂದ ಬರುವುದನ್ನು ಹೇಗೆ ತಡೆಯಲಿ?

ಬಸಿರಿಗೆ ನಾಲ್ಕು ತಿಂಗಳಾದಾಗ ಅತ್ತೆ ಸೊಸೆ ಹೆರಿಗೆ ಆಸ್ಪತ್ರೆಗೆ ಹೋದರು. ಲೇಡಿ ಡಾಕ್ಟರು ನನ್ನನ್ನು ನೋಡಿ ಹುಬ್ಬೇರಿಸಿದರು. ಹಳೆಯ ಚೀಟಿಗಳನ್ನು ತಿರುವಿ ಕೇಳಿದರು: "ಗುಳಿಗಿ ಯಾಕ ಬಿಟ್ರಿ?"

"ಅದು ಹಳೀ ಬ್ಯಾನಿದ್ರಿ ಡಾಕ್ಟ್ರೆ. ಈಗಿಂದು ಬ್ಯಾರೆ ಅದ," ಎಂದಳು ನೀಲಮ್ಮ.

ಡಾಕ್ಟರು ಎರಡು ಕಾಗದ ಮುಂದಿಟ್ಟರು. "ಚೀಟ್ಯಾಗ ನಾಗವೇಣಿ ಅಂತ ಅದ, ಆಧಾರ್‌ದಾಗ ಶಕುಂತಲಾ ಅಂತ ಅದ. ಇವರಿಬ್ಬರೊಳಗ ಬಸುರಿ ಯಾರು?"

"ಅಯ್ಯ, ಇಬ್ಬರು ಎಲ್ಲಿಂದ ಬರ್ತಾರ್ರಿ? ಮದುವ್ಯಾಗ ನಾವೇ ಹೆಸರು ಬದಲಿ ಮಾಡೀವಿ. ಆಕಿನೇ ಈಕಿ!"

"ಹಂಗಾದ್ರ ರೋಗಾನೂ ಅದೇ, ಯಮ್ಮ. ಮನಿ ಕಾಯೋ ನಾಯಿನೇ ಮನಿಯವರನ್ನ ಕಚ್ಚಿದಂಗ, ಮೈಯ ಕಾವಲೇ ಕೊಳ್ಳಾಗಿನ ಗ್ರಂಥಿನ ಕೆಡಿಸ್ಯದ. ಅದಕ್ಕ ಆಟೋಇಮ್ಯೂನ್ ಅಂದ್ರು. ಮೊದಲು ಗುರುತಿಸಿದ ಜಪಾನಿ ಡಾಕ್ಟರ ಹೆಸರು ಹಾಷಿಮೊಟೊ. ಕೊಳ್ಳ ಬಾತದ್ದಕ್ಕ ಗಾಯಿಟರ್ ಅಂದ್ರು, ಗ್ರಂಥಿ ಸೋತದ್ದಕ್ಕ ಹೈಪೋ ಅಂದ್ರು. ಬಸುರ್ಯಾಗ ಆ ಗುಳಿಗಿ ಬಿಡೋದಲ್ಲ, ಹೆಚ್ಚೇ ಬೇಕಾಗ್ತದ."

ಡಾಕ್ಟರು ನಾಗವೇಣಿಯ ಹೊಟ್ಟೆಯ ಮೇಲೆ ಯಂತ್ರ ಇಟ್ಟರು. ಮೊದಲು ಬರೀ ಗೊರಗೊರ. ನಾಗವೇಣಿ ನನ್ನ ಅಂಚನ್ನು ಹಿಂಡುತ್ತಿದ್ದಳು. ಆಮೇಲೆ ಕೇಳಿಸಿತು, ಧಕಧಕ ಧಕಧಕ. ನೀಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮನೆಗೆ ಬಂದವಳೇ ತಾನೇ ಅಟ್ಟ ಹತ್ತಿ ಡಬ್ಬಿ ಇಳಿಸಿದಳು.

ಕೆಲವು ವಾರಗಳ ಮೇಲೆ ಒಂದು ದಿನ ರೊಟ್ಟಿ ಬಡಿಯುತ್ತಿದ್ದ ನಾಗವೇಣಿ, "ಯವ್ವಾ, ಏನ್ ಸೆಕಿ ಅದ!" ಎಂದು ನನ್ನನ್ನು ಕಿತ್ತು ಮೂಲೆಗೆ ಎಸೆದಳು. ಎಸೆಸಿಕೊಂಡು ಇಷ್ಟು ಖುಷಿಪಟ್ಟ ಬಟ್ಟೆ ಲೋಕದಲ್ಲಿ ಇನ್ನೊಂದಿರಲಾರದು.

ಈಗ ನನಗೆ ವಯಸ್ಸಾಗಿದೆ, ತೋಳು ಹರಿದಿದೆ. ಬಿಸಿ ಹಂಚು ಹಿಡಿಯಲು ನನ್ನನ್ನು ಮಡಚಿಟ್ಟಿದ್ದಾರೆ, ಮಸಿಬಟ್ಟೆ ಎಂದು ಕರೆಯುತ್ತಾರೆ. ಕರೆಯಲಿ, ಉಣ್ಣೆ ಅದೇ ಇದೆ. ಆದರೆ ಆ ಮೊದಲಿನ ನಾಲ್ವರು ಡಾಕ್ಟರರ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ. ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಒಲೆಯ ಪಕ್ಕದಿಂದಲೇ ನೋಡಿದೆ. ಹೆಣ್ಣು ಮಗು. ಹೆಸರಿಟ್ಟು ಮುಗಿದ ಮೇಲೆ ನೀಲಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಈಕಿಗಿ ಇದೊಂದೇ ಹೆಸರು. ನಾಳಿ ಮದುವ್ಯಾಗ ಯಾರರೆ ಅಕ್ಕಿ ತಟ್ಟಿ ತಂದ್ರ, ತಟ್ಟಿ ಹೊರಗ ಒಗೀತೀನಿ."