ಗಂಟಲು ಕಟ್ಟಿದ ಗುರುವಾರ

ನೀವೆಸ್ ಮೂರು ಬೆರಳು ಎತ್ತಿದಳು. ಆಮೇಲೆ ಅಂಗೈಯನ್ನು ಬಲಕ್ಕೆ ವಾಲಿಸಿ, ನೆಲ ಸವರುವ ಹಾಗೆ ಮೆಲ್ಲಗೆ ಆಡಿಸಿದಳು. ಮೂರು ಗೇಣು ಮುಂದಕ್ಕೆ, ಬಲಕ್ಕೆ, ಮೆತ್ತಗೆ. ಇದಕ್ಕಿಂತ ಬಿಡಿಸಿ ಹೇಳುವುದು ಕೈಗಳಿಂದ ಆಗದ ಕೆಲಸ. ಗುಂಡು ಉರುಳಿಸುವ ಬೊಚ್ಚೆ ಅಂಕಣದ ಆ ತುದಿಯಲ್ಲಿ, ಇಪ್ಪತ್ತು ಮೀಟರ್ ದೂರದಲ್ಲಿ, ಗುಂಡು ಹಿಡಿದು ನಿಂತಿದ್ದ ನಜ್ಜರೇನೊ ಅವಳ ಕಡೆಗೇ ಮುಖ ಮಾಡಿದ್ದ.

"ಹೇಳು," ಅಂದ.

ಅವಳು ಕುತ್ತಿಗೆಯ ಶಾಲು ಮುಟ್ಟಿ ತೋರಿಸಿ ತಲೆಯಾಡಿಸಿದಳು. ಬೆಳಗ್ಗೆಯಿಂದ ಕರಕರ ಅನ್ನುತ್ತಿದ್ದ ಗಂಟಲು ಹನ್ನೊಂದನೇ ಪಾಯಿಂಟಿನವರೆಗೆ ಹೇಗೋ ಎಳೆದುಕೊಂಡು ಬಂದು, ಈಗ ಪೂರಾ ಕಟ್ಟಿಹೋಗಿತ್ತು.

"ಅವಳ ದನಿ ಹೋಗಿದೆ ಕಣೋ," ಎಂದು ಎದುರಾಳಿ ಪಲ್ಮಿರೊ ಅವನಿಗೆ ತಿಳಿಸಿದ. "ಕೈಯಲ್ಲಿ ಹೇಳ್ತಿದ್ದಾಳೆ, ನೋಡ್ಕೋ. ಈ ಕ್ಲಬ್ಬು ಇಷ್ಟು ತಣ್ಣಗಿರೋದನ್ನ ನಾನು ಇವತ್ತೇ ಕಂಡಿದ್ದು."

ಬೆಂಚಿನ ಮೇಲಿದ್ದವರು ನಕ್ಕರು. ಪಲ್ಮಿರೊ ನಲವತ್ತು ವರ್ಷ ಊರಿನವರ ತಲೆ ಬೋಳಿಸಿದವನು. ಕತ್ತರಿ ಕೆಳಗಿಟ್ಟಿದ್ದರೂ ನಾಲಿಗೆ ಇಟ್ಟಿರಲಿಲ್ಲ.

"ಓ, ಸರಿ ಸರಿ. ಕಂಡಿತು," ಎಂದು ನಜ್ಜರೇನೊ ಬಾಗಿ ಗುಂಡು ಬಿಟ್ಟ.

ಅದು ಎಡಕ್ಕೆ ಉರುಳಿ, ಎರಡು ಮೀಟರ್ ಹಿಂದೆಯೇ, ಹಲಗೆಯ ಪಕ್ಕದಲ್ಲಿ ನಿಂತಿತು.

ಗುರುವಾರದ ಜೋಡಿ ಆಟಗಳ ಕೊನೆಯ ಪಂದ್ಯ ಅದು. ಗೆದ್ದವರಿಗೆ ಬಾರಿನ ಕೊಕ್ಕೆಯಲ್ಲಿ ತೂಗುತ್ತಿದ್ದ ಉಪ್ಪು ಹಾಕಿದ ಹಂದಿ ತೊಡೆ. ಎರಡು ಕಡೆಯೂ ಹನ್ನೊಂದು, ಇನ್ನೊಂದು ಪಾಯಿಂಟ್ ಯಾರದೋ, ತೊಡೆ ಅವರದು. ಪಲ್ಲಿನೊ, ಅಂದರೆ ಎಲ್ಲರೂ ಗುರಿಯಿಡುವ ನಿಂಬೆಗಾತ್ರದ ಬಿಳಿ ಗುಂಡಿನಿಂದ ಒಂದು ಗೇಣು ಆಚೆ ಪಲ್ಮಿರೊನ ಕೆಂಪು ಗುಂಡು ಕೂತಿತ್ತು. ನೀವೆಸಳ ಎರಡು ಗುಂಡೂ ಮುಗಿದಿದ್ದವು. ಉಳಿದದ್ದು ನಜ್ಜರೇನೊನ ಕೈಯಲ್ಲಿದ್ದ ಒಂದು ಹಸಿರು.

ಅವಳಿಗೆ ಸಿಟ್ಟು ಬಂತು. ನಜ್ಜರೇನೊ ಅವಳ ತೀರಿಹೋದ ಗಂಡನ ಅಣ್ಣ. ಒಂದು ಕಾಲಕ್ಕೆ ಎದುರಾಳಿಯ ಗುಂಡಿಗೆ ಹೊಡೆದು ಎಬ್ಬಿಸುವುದರಲ್ಲಿ ಸುತ್ತ ಏಳೂರಿಗೆ ಹೆಸರಾಗಿದ್ದವನು. ಒಂದು ವರ್ಷದಿಂದ ಭುಜ ನೋವೆಂದು ಹೊಡೆಯುವುದು ಬಿಟ್ಟಿದ್ದ. ಪಲ್ಲಿನೊ ಹತ್ತಿರ ನಿಂತು ಅವಳು ಹೇಳುವುದು, ಅವಳು ಹೇಳಿದಲ್ಲಿಗೆ ಅವನು ಉರುಳಿಸುವುದು, ಇದೇ ಈಗ ಅವರ ಆಟ. ಅಷ್ಟು ದೊಡ್ಡ ಆಟಗಾರ ತನ್ನ ಮಾತಿಗೆ ಬೆಲೆ ಕೊಡುತ್ತಾನೆಂದು ಅವಳಿಗೆ ಒಳಗೊಳಗೇ ಹೆಮ್ಮೆ. ಇವತ್ತು ಮಾತು ಹೋಯಿತು, ಬೆಲೆಯೂ ಹೋಯಿತೇ?

ಅವಳು ಹೆಬ್ಬೆರಳನ್ನು ಮೂಗಿನ ತುದಿಗೆ ಇಟ್ಟು, ಉಳಿದ ಬೆರಳುಗಳನ್ನು ಕುಣಿಸಿ, ಮಕ್ಕಳು ಅಣಕಿಸುವಂತೆ ನಾಲಿಗೆ ಚಾಚಿದಳು.

ಬೆಂಚಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಜ್ಜರೇನೊ ನಗಲಿಲ್ಲ. ಪಾಠ ಕೇಳುವವನ ಹಾಗೆ ಕತ್ತು ಒಂಚೂರು ಓರೆ ಮಾಡಿ ನಿಂತು, ಗಂಭೀರವಾಗಿ ತಲೆದೂಗಿದ.

"ಆಯ್ತು ನೀವೆಸ್. ಹಾಗೇ ಹಾಕ್ತೀನಿ," ಅಂದ.

ಅವಳ ನಾಲಿಗೆ ಹೊರಗೇ ಉಳಿಯಿತು.

ಉಳಿದವರು ಅದನ್ನು ತಮಾಷೆಗೆ ತಮಾಷೆ ಅಂದುಕೊಂಡು ಇನ್ನೂ ಜೋರಾಗಿ ನಕ್ಕರು. ಲೋಟಕ್ಕೆ ವೈನ್ ಬಗ್ಗಿಸುವಾಗ ಅವನು ಒಳಗೆ ಬೆರಳು ಇಳಿಬಿಡುತ್ತಿದ್ದದ್ದು ಅವಳ ಕಣ್ಣ ಮುಂದೆ ಬಂತು. ಗೋಡೆಯ ಮೇಲೆ ಪಾಯಿಂಟು ಅಷ್ಟುದ್ದ ಬರೆದಿದ್ದರೂ "ಈಗ ಎಷ್ಟಾಯ್ತು?" ಎಂದು ಕೇಳುತ್ತಿದ್ದದ್ದು. ಇವತ್ತು ಮಧ್ಯಾಹ್ನ ಅವಳನ್ನು ಕರೆತರುವಾಗ ಖಾಲಿ ರಸ್ತೆಯಲ್ಲಿ ಎರಡು ಸಲ ಕಾರು ನಿಲ್ಲಿಸಿದ್ದು. ಗೇಟಿನ ಕಂಬಕ್ಕೆ ಕನ್ನಡಿ ಸವರಿದ್ದು. ಬೇರೆ ದಿನ ಅವಳು ದಾರಿಯುದ್ದಕ್ಕೂ ಬಾಯಿ ಮುಚ್ಚುವವಳಲ್ಲ, ಟ್ರ್ಯಾಕ್ಟರ್ ಬಂತು, ಆ ನಾಯಿ ನೋಡು, ತಿರುವಿನಲ್ಲಿ ನಿಧಾನ. ಇವತ್ತು ಆಟಕ್ಕೆಂದು ದನಿ ಉಳಿಸಿಕೊಳ್ಳಲು ತುಟಿ ಬಿಚ್ಚದೆ ಕೂತಿದ್ದಳು.

ನಜ್ಜರೇನೊ ಬಾಗುತ್ತಿದ್ದ. ಅವಳು ಥಟ್ಟನೆ ಕೂತು, ತನ್ನ ಬೆರಳಿನ ಮದುವೆಯುಂಗುರದಿಂದ ಪಲ್ಲಿನೊ ಗುಂಡಿನ ತಲೆಗೆ ಬಡಿದಳು. ಟಕ್. ಟಕ್. ಟಕ್.

ಅವನ ಗದ್ದ ಮೇಲೆದ್ದಿತು. ಮುಖ ಅಂಗುಲದಷ್ಟು ಬಲಕ್ಕೆ ಸರಿಯಿತು, ಪಾದವೂ ಸರಿಯಿತು. ಗುಂಡು ಕೈಬಿಟ್ಟಿತು. ಮಣ್ಣಿನ ಮೇಲೆ ಸರಸರನೆ ಬಂದು, ಕೆಂಪು ಗುಂಡಿನ ಮಗ್ಗುಲಲ್ಲೇ ನುಸುಳಿ, ಪಲ್ಲಿನೊಗೆ ಒರಗಿ ನಿಂತಿತು.

ಅಳತೆಕೋಲು ಹಿಡಿದು ಬಂದ ಪಲ್ಮಿರೊ ಅದನ್ನು ಹಾಗೇ ಕಂಕುಳಿಗೆ ಸೇರಿಸಿಕೊಂಡ. "ಮೂಗು ತೋರಿಸಿದ್ರೆ ಇಷ್ಟು ಚೆನ್ನಾಗಿ ಹಾಕ್ತಾನೆ ಅಂದ್ರೆ, ಮುಂದಿನ ವರ್ಷ ನಾನೂ ನಮ್ಮನೆಯವಳ ಹತ್ರ ಅದನ್ನೇ ಮಾಡಿಸ್ತೀನಿ," ಅಂದ.

ಎಲ್ಲರೂ ತೊಡೆ ಇಳಿಸಲು ಬಾರಿನ ಕಡೆ ನುಗ್ಗಿದರು. ಯಾರೋ ಸೋಂಪಿನ ಸಾರಾಯಿ ತರಿಸಿದರು. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷ. ನಾಲ್ಕೂಕಾಲಿಗೆ ಶಾಲೆ ಬಿಡುತ್ತದೆ. ನೀವೆಸಳ ಮಗಳು ಶೂ ಕಾರ್ಖಾನೆಯಿಂದ ಬರುವುದು ಆರಕ್ಕೆ. ಏಳು ವರ್ಷದ ಮೊಮ್ಮಗಳು ವಿಯೋಲಾಳನ್ನು ದಿನವೂ ಮನೆಗೆ ಕರೆತರುವುದು ನಜ್ಜರೇನೊನ ನೀಲಿ ಕಾರು. ಗುಡ್ಡದ ದಾರಿ, ಹನ್ನೊಂದು ತಿರುವು.

ಅವಳು ಕೋಟು ನೇತುಹಾಕುವ ಗೂಟಗಳ ಹತ್ತಿರ ಅವನಿಗಿಂತ ಮೊದಲು ತಲುಪಿದಳು. ಅವನ ಕೋಟಿನ ಬಲ ಜೇಬಿಗೆ ಕೈಹಾಕಿ ಕೀಲಿ ತೆಗೆದು ಮುಷ್ಟಿಯಲ್ಲಿ ಹಿಡಿದಳು.

ನಜ್ಜರೇನೊ ಬಂದ. ಗೂಟಗಳನ್ನು ಎಡದಿಂದ ಸವರುತ್ತ ಬಂದು ಮೂರನೆಯದರಲ್ಲಿ ತನ್ನ ಕೋಟು ಹಿಡಿದ. ಬಲ ಜೇಬು ತಡಕಿದ, ಎಡ ಜೇಬು, ಮತ್ತೆ ಬಲ. ಬೆಂಚಿನ ಮೇಲೆ ಅಂಗೈ ಆಡಿಸಿದ. ತಲೆಯೆತ್ತಿ, ಎರಡು ಮೊಳ ದೂರದಲ್ಲಿ ಎದುರಿಗೇ ನಿಂತ ನೀವೆಸಳತ್ತ ಮುಖ ತಿರುಗಿಸಿದ.

"ಇಲ್ಲಿ ಯಾರಿದ್ದೀರಿ? ನಮ್ಮ ನೀವೆಸ್ ಹೊರಗೆ ಹೋದ್ಲಾ?"

ತಾನು ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ನಿಂತಿದ್ದಕ್ಕೆ ಹಾಗಾಗಿರಬಹುದು ಎಂದು ಅವಳ ಮನಸ್ಸು ಒಂದು ನೆಪ ಹುಡುಕಿತು. ಆಮೇಲೆ ಅದನ್ನೂ ಬಿಟ್ಟಿತು. ಹತ್ತಿರ ಹೋಗಿ ಅವನ ತೋಳು ಹಿಡಿದು, ಕಿವಿಗೆ ಬಾಯಿಟ್ಟು ಉಸಿರಲ್ಲೇ ಕೇಳಿದಳು.

"ಯಾವಾಗಿಂದ?"

ಅವನು ಸುಳ್ಳಿಗೆ ಹುಡುಕಾಡಿದ್ದು ತೋಳಿನಲ್ಲೇ ಗೊತ್ತಾಯಿತು. ಕಡೆಗೆ ತೋಳು ಸಡಿಲವಾಯಿತು.

ಹೋದ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಶುರುವಾಯಿತಂತೆ. ನೋಟದ ನಟ್ಟನಡುವೆ ಒಂದು ಮಸಿಮಚ್ಚೆ, ದಿನೇ ದಿನೇ ದೊಡ್ಡದಾಗುತ್ತಿದೆ. ಅಂಚಿನಲ್ಲಿ ಎಲ್ಲ ಕಾಣುತ್ತದಂತೆ. ಮರ, ಗೋಡೆ, ರಸ್ತೆಯ ಬದಿ. ನೇರ ನೋಡಿದ್ದು ಮಾತ್ರ ಇರುವುದಿಲ್ಲ. ವೈದ್ಯರು ಕಾರು ಮುಟ್ಟಬೇಡ ಅಂದಿದ್ದರು. ಮುಟ್ಟದೆ ಗುಡ್ಡದ ಮೇಲಿನ ಒಂಟಿಮನೆಯಲ್ಲಿ ಕೂತು ಏನು ಮಾಡುವುದು? ಗುರುವಾರ ಇಲ್ಲ, ಮಗು ಇಲ್ಲ. ದಾರಿ ಬಾಯಿಪಾಠವಾಗಿತ್ತು, ನಿಧಾನವಾಗಿ ಹೋಗುತ್ತಿದ್ದ.

"ಮಗು?" ಎಂದಳು ನೀವೆಸ್.

"ಅವಳಿಗೆ ಏನೂ ಆಗಿಲ್ಲ. ಒಂದು ಗೀರೂ ಇಲ್ಲ." ಅವನ ಮುಖದಲ್ಲಿ ಒಂದು ಕ್ಷಣ ಹೆಮ್ಮೆಯಂಥದ್ದೇನೋ ಬಂತು. "ಅವಳೇ ಹೇಳ್ತಾಳೆ. ಕೆಂಪು, ಹಸಿರು, ಎದುರಿಗೆ ಲಾರಿ, ಎಡಕ್ಕೆ ಅಜ್ಜ ಎಡಕ್ಕೆ. ಬೊಚ್ಚೆ ಆಟ ಅಂತ ನಾವಿಬ್ರೂ ಹೆಸರಿಟ್ಕೊಂಡಿದ್ದೀವಿ. ಚೆನ್ನಾಗಿ ಹೇಳ್ತಾಳೆ ನೀವೆಸ್. ನಿನ್ನ ಹಾಗೆ ಕಿರುಚಲ್ಲ."

ಅವಳು ಅವನ ತೋಳು ಬಿಟ್ಟಳು. ಗೋಡೆಗೆ ಒರಗಿದಳು. ಬಾರಿನಲ್ಲಿ ಲೋಟಗಳ ಸದ್ದು, ನಗು. ತನ್ನ ಹೆಮ್ಮೆಯ ಆಟವನ್ನು ಆ ಕೂಸು ಹಿಂದಿನ ಸೀಟಿನಲ್ಲಿ ಕೂತು, ಹನ್ನೊಂದು ತಿರುವಿನಲ್ಲೂ, ದಿನವೂ ಆಡುತ್ತಿತ್ತು. ಮನೆಗೆ ಬಂದು ಬ್ರೆಡ್ಡು ತಿಂದು, ಹೋಂವರ್ಕ್ ಮಾಡುತ್ತಿತ್ತು. ಒಂದು ಮಾತೂ ಹೇಳಿರಲಿಲ್ಲ.

"ಕೀಲಿ ಕೊಡು. ಹೊತ್ತಾಗುತ್ತೆ," ಅಂದ ನಜ್ಜರೇನೊ. ಕೊಡುವುದಿಲ್ಲವೆಂದು ಗೊತ್ತಿದ್ದವನ ದನಿ.

ಅವಳು ಅವನಿಗೆ ಕೋಟು ತೊಡಿಸಿ ಗುಂಡಿ ಹಾಕಿದಳು. ತೋಳಿಗೆ ತೋಳು ಸೇರಿಸಿ ಬಾಗಿಲ ಕಡೆ ನಡೆಸಿದಳು. ತೊಡೆ ಬಿಟ್ಟು ಎಲ್ಲಿಗೆ ಹೊರಟಿರಿ, ನಾವು ಕೊಯ್ದು ತಿಂದರೆ ಕೇಳಬೇಡಿ ಎಂದು ಪಲ್ಮಿರೊ ಹಿಂದಿನಿಂದ ಕೂಗಿದ. ಇಬ್ಬರೂ ತಿರುಗಿ ನೋಡಲಿಲ್ಲ. ನೀಲಿ ಕಾರು ಗೇಟಿನ ಬಳಿ ಮಡಚಿದ ಕನ್ನಡಿಯೊಂದಿಗೆ ನಿಂತಿತ್ತು. ಅದನ್ನು ದಾಟಿ ನಡೆದರು.

ಶಾಲೆಯ ಗೇಟಿನಲ್ಲಿ ವಿಯೋಲಾ ರಸ್ತೆಯುದ್ದಕ್ಕೂ ಕಾರು ಹುಡುಕುತ್ತ ನಿಂತಿದ್ದಳು. ನಡೆದು ಬಂದವರನ್ನು ಕಂಡು ಮೊದಲು ಅಜ್ಜಿಯ ಮುಖ ನೋಡಿದಳು, ಆಮೇಲೆ ಅಜ್ಜನದು. ಬ್ಯಾಗನ್ನು ಬೆನ್ನ ಮೇಲೆ ಸರಿಮಾಡಿಕೊಂಡು, ಅಜ್ಜನ ಇನ್ನೊಂದು ಕೈ ಹಿಡಿದುಕೊಂಡಳು.

ಹೆದ್ದಾರಿ ದಾಟುವಲ್ಲಿ ಊರಿಗೆ ಇರುವ ಒಂದೇ ಸಿಗ್ನಲ್ ದೀಪ. ನೀವೆಸ್ ಬಾಯಿ ತೆರೆದಳು. ದನಿ ಬರಲಿಲ್ಲ.

"ಕೆಂಪು," ಎಂದಳು ವಿಯೋಲಾ, ತಗ್ಗಿದ ದನಿಯಲ್ಲಿ.

ನಜ್ಜರೇನೊ ನಿಂತ. ಅವನ ಬಲಗಾಲು ಮಾತ್ರ ಮೆಲ್ಲಗೆ ಮುಂದಕ್ಕೆ ಬಂದು, ಖಾಲಿ ನೆಲವನ್ನು ಬ್ರೇಕಿನಂತೆ ಒತ್ತಿ ಹಿಡಿಯಿತು.